ಲೋವೆಲ್‌ನಿಂದ ರೋಚೆಸ್ಟರ್‌ವರೆಗೆ: ಸಹಿ ಹಾಕಿದವರ ಊರುಗಳಲ್ಲಿ

ಅಕ್ಟೋಬರ್‌ನಲ್ಲಿ ಬಾಸ್ಟನ್ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಭಾವ ನಯಾಗರ ಅಂದರು. ನನಗೆ ಬೇರೆಯದೇ ಆಸೆ ಇತ್ತು. 1820ರಿಂದ 1850ರ ನಡುವೆ ಅಮೆರಿಕದ ಈ ಮೂಲೆಯಲ್ಲಿ ಕಾರ್ಖಾನೆಗಳು ಎದ್ದವು. ಅದರ ಬೆನ್ನಿಗೇ ಜನರೂ ಎದ್ದರು. ದಿನಕ್ಕೆ ಹತ್ತೇ ಗಂಟೆ ಕೆಲಸ ಸಾಕು ಅಂದರು, ಗುಲಾಮಗಿರಿ ನಿಲ್ಲಬೇಕು ಅಂದರು, ಹೆಂಗಸರಿಗೂ ಓಟು ಬೇಕು ಅಂದರು. ಹೀಗೆ ಅಂದವರಲ್ಲಿ ಬಹಳ ಮಂದಿಗೆ ಓಟಿರಲಿಲ್ಲ. ಅವರ ಕೈಯಲ್ಲಿದ್ದದ್ದು ಒಂದು ಸಹಿ ಮಾತ್ರ. ಅವರು ಓಡಾಡಿದ ಬೀದಿಗಳನ್ನು ನೋಡಬೇಕು ಅಂದೆ. ಅಕ್ಕ ಒಪ್ಪಿದಳು, ಭಾವ ಕಾರಿಗೆ ಪೆಟ್ರೋಲ್ ಹಾಕಿಸಿದರು.

ಮೊದಲ ದಿನ: ಬಾಸ್ಟನ್

ಕಾರನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋದೆವು. ಬಾಸ್ಟನ್‌ನಲ್ಲಿ ಪಾರ್ಕಿಂಗ್‌ಗೆ ಕೊಡುವ ದುಡ್ಡಿನಲ್ಲಿ ಮೂವರ ಊಟ ಆಗುತ್ತದೆ. ಬೀಕನ್ ಹಿಲ್‌ನ ಜಾಯ್ ಸ್ಟ್ರೀಟ್ ಒಳ್ಳೇ ಏರು. ಇಟ್ಟಿಗೆಯ ಕಾಲುದಾರಿ ಬೇರೆ, ಮಳೆ ಬಿದ್ದರೆ ಜಾರುತ್ತದೆ. ಹಿಮ್ಮಡಿಯ ಚಪ್ಪಲಿ ಹಾಕಿದ್ದ ಅಕ್ಕ ನನ್ನ ಭುಜ ಹಿಡಿದುಕೊಂಡೇ ಹತ್ತಿದಳು.

ಆ ಏರಿನಲ್ಲಿ ಆಫ್ರಿಕನ್ ಮೀಟಿಂಗ್ ಹೌಸ್ ಇದೆ. 1806ರಲ್ಲಿ ಕಪ್ಪು ಜನ ಕಟ್ಟಿಕೊಂಡ ಚರ್ಚು, ಅವರ ಮಕ್ಕಳಿಗೆ ಶಾಲೆಯೂ ಅಲ್ಲೇ. ಹೊರಗಿಂದ ಸಾಧಾರಣ ಕೆಂಪು ಇಟ್ಟಿಗೆ ಕಟ್ಟಡ. 1832ರ ಜನವರಿ 6ರ ರಾತ್ರಿ, ಹೊರಗೆ ಹಿಮ ಸುರಿಯುತ್ತಿದ್ದಾಗ, ಇಲ್ಲಿನ ಶಾಲೆಯ ಕೋಣೆಯಲ್ಲಿ ಹನ್ನೆರಡು ಗಂಡಸರು ಒಂದು ಕಾಗದಕ್ಕೆ ಸಹಿ ಹಾಕಿದರು. ಗುಲಾಮಗಿರಿ ವಿರೋಧಿಸುವ ಸಂಘ, ನ್ಯೂ ಇಂಗ್ಲೆಂಡ್ ಆಂಟಿ ಸ್ಲೇವರಿ ಸೊಸೈಟಿ, ಹುಟ್ಟಿದ್ದು ಹಾಗೆ. ಮುಂದೆ ನಿಂತಿದ್ದವನು ವಿಲಿಯಂ ಲಾಯ್ಡ್ ಗ್ಯಾರಿಸನ್. ಅದರ ಹಿಂದಿನ ವರ್ಷದ ಮೊದಲ ದಿನವೇ ಅವನು 'ದಿ ಲಿಬರೇಟರ್' ಪತ್ರಿಕೆ ಶುರು ಮಾಡಿದ್ದ.

ಆದರೆ ನನ್ನ ಮನಸ್ಸು ಹೋದದ್ದು ಮರಾಯಾ ಸ್ಟೂವರ್ಟ್ ಕಡೆಗೆ. ಕಪ್ಪು ಹೆಂಗಸು, ಚಿಕ್ಕ ವಯಸ್ಸಿಗೇ ವಿಧವೆ, ಹುಡುಗಿಯಾಗಿದ್ದಾಗ ಮನೆಗೆಲಸಕ್ಕಿದ್ದವಳು. ಅದೇ 1832ರ ಸೆಪ್ಟೆಂಬರ್‌ನಲ್ಲಿ ಗಂಡಸರೂ ಹೆಂಗಸರೂ ಕೂತಿದ್ದ ಸಭೆಯಲ್ಲಿ ಎದ್ದು ನಿಂತು ಮಾತಾಡಿದಳು. ಹೆಂಗಸು ಹಾಗೆ ಸಭೆಯಲ್ಲಿ ಮಾತಾಡುವ ರೂಢಿಯೇ ಇರಲಿಲ್ಲ. ಕಪ್ಪು ಹುಡುಗಿಯರಿಗೆ ಮುಸುರೆ ತಿಕ್ಕುವ ಕೆಲಸ ಬಿಟ್ಟು ಬೇರೇನೂ ಸಿಗುವುದಿಲ್ಲ ಯಾಕೆ ಅನ್ನುವುದು ಅವಳ ಪ್ರಶ್ನೆ. ಮರುವರ್ಷವೇ ಬಾಸ್ಟನ್ ಬಿಟ್ಟು ಹೋದಳು. ಈ ಚಳವಳಿಗಳ ಕಥೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ಇವಳಿಂದಲೇ ಅನ್ನುತ್ತೇನೆ.

ಮಧ್ಯಾಹ್ನ ಓಲ್ಡ್ ಸ್ಟೇಟ್ ಹೌಸ್ ಮುಂದೆ ಪ್ರವಾಸಿಗರ ಜಾತ್ರೆ. ಎಲ್ಲರೂ ಬಾಲ್ಕನಿಯ ಫೋಟೋ ತೆಗೆಯುತ್ತಿದ್ದರು. 1835ರ ಅಕ್ಟೋಬರ್ 21ರಂದು ಇದರ ಸುತ್ತಮುತ್ತ ಬೇರೆ ಥರದ ಗುಂಪು ಸೇರಿತ್ತು. ಗುಲಾಮಗಿರಿ ವಿರೋಧಿಸುವ ಹೆಂಗಸರ ಸಭೆ ನಡೆಯುತ್ತಿದ್ದ ಕಟ್ಟಡಕ್ಕೆ ಪುಂಡರು ಮುತ್ತಿಗೆ ಹಾಕಿದರು. ಮೇಯರ್ ಬಂದು ಜಾಗ ಖಾಲಿ ಮಾಡಿ ಅಂದ. ಆ ಹೆಂಗಸರು ಇಬ್ಬಿಬ್ಬರಾಗಿ, ಬಿಳಿಯರೂ ಕರಿಯರೂ ತೋಳಿಗೆ ತೋಳು ಸೇರಿಸಿಕೊಂಡು, ಆ ಗುಂಪಿನ ನಡುವೆಯೇ ನಡೆದು ಹೊರಬಂದರು. ಆಮೇಲೆ ಗುಂಪಿಗೆ ಗ್ಯಾರಿಸನ್ ಸಿಕ್ಕ. ಹಗ್ಗ ಕಟ್ಟಿ ಎಳೆದಾಡಿದರು. ಕೊನೆಗೆ ಅವನನ್ನು ಉಳಿಸಲು ಜೈಲಿನಲ್ಲಿಡಬೇಕಾಯಿತು.

ಎರಡನೇ ದಿನ: ಲೋವೆಲ್

ನಾನು ದೊಡ್ಡಬಳ್ಳಾಪುರದವಳು. ಪವರ್‌ಲೂಮ್ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ಹಾಗಾಗಿ ಲೋವೆಲ್ ನನಗೆ ಈ ಪ್ರವಾಸದ ಮುಖ್ಯ ಊರು.

ಬಾಸ್ಟನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಕಾರಿನಲ್ಲಿ ಬಂದರೆ ವಿಸಿಟರ್ ಸೆಂಟರ್‌ನ ಪಾರ್ಕಿಂಗ್‌ಗೆ ಹೋಗಿ, ಅಲ್ಲಿಂದ ಎಲ್ಲವೂ ನಡೆಯುವ ದೂರ. ಬೆಳಿಗ್ಗೆ ಹನಿ ಮಳೆ. ನೀರು ಜಾಸ್ತಿ ಬಂದಿದೆ ಎಂದು ಕಾಲುವೆಯ ದೋಣಿ ನಿಲ್ಲಿಸಿದ್ದರು. ಬೇಜಾರಾಯಿತು. ಆದರೆ ದೋಣಿ ನಿಲ್ಲಿಸಿದ ಆ ನೀರನ್ನೇ ನೋಡುತ್ತಾ ದಂಡೆಯ ಮೇಲೆ ನಡೆದೆವು. ಮೆರಿಮ್ಯಾಕ್ ನದಿ ಇಲ್ಲಿ ಸುಮಾರು 32 ಅಡಿ ಇಳಿಯುತ್ತದೆ. ಆ ಇಳಿತವೇ ಬಂಡವಾಳ. ನದಿಯನ್ನು ಕಾಲುವೆಗಳಾಗಿ ಸೀಳಿ, ಒಂದೊಂದು ಗಿರಣಿಯ ಕೆಳಗೂ ನೀರು ಹಾಯಿಸಿ, ಚಕ್ರ ತಿರುಗಿಸಿ, ಬೆಲ್ಟುಗಳ ಮೂಲಕ ಆ ತಿರುಗುವಿಕೆಯನ್ನು ಐದು ಮಹಡಿಯ ಮಗ್ಗಗಳಿಗೂ ಹತ್ತಿಸಿದರು. ಊರಿಗೆ ಹೆಸರಾದ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಈ ಊರನ್ನು ನೋಡಲೇ ಇಲ್ಲ. ಇಂಗ್ಲೆಂಡಿನ ಗಿರಣಿಗಳನ್ನು ಸುತ್ತಿ, ಯಂತ್ರಗಳನ್ನು ತಲೆಯಲ್ಲಿ ತುಂಬಿಕೊಂಡು ಬಂದು, ವಾಲ್ಥಮ್‌ನಲ್ಲಿ ಮೊದಲ ಗಿರಣಿ ಮಾಡಿ, 1817ರಲ್ಲೇ ತೀರಿಕೊಂಡಿದ್ದ.

ಈಗ ಮ್ಯೂಸಿಯಂ ಆಗಿರುವ ಬೂಟ್ ಮಿಲ್‌ನ ಮಗ್ಗದ ಕೋಣೆಗೆ ಹೋಗುವ ಮುಂಚೆ ಕಿವಿಗೆ ಹಾಕಲು ಸಣ್ಣ ಬೆಂಡು ಕೊಡುತ್ತಾರೆ. ಬೇಡ ಅನ್ನಬೇಡಿ, ತಗೊಳ್ಳಿ. ಒಳಗೆ 88 ಮಗ್ಗಗಳಿವೆ. ಇಪ್ಪತ್ತನೇ ಶತಮಾನದ ಮೊದಲ ಭಾಗದ ಯಂತ್ರಗಳು. ಎಲ್ಲವನ್ನೂ ಒಟ್ಟಿಗೆ ಓಡಿಸುವುದಿಲ್ಲ, ಒಂದಷ್ಟನ್ನು ಓಡಿಸಿದರೇ ಮರದ ನೆಲ ಅಂಗಾಲಿಗೆ ನಡುಕ ಕೊಡುತ್ತದೆ. ಎಣ್ಣೆ ಮತ್ತು ಹತ್ತಿಯ ದೂಳು ಸೇರಿದ ಆ ವಾಸನೆ ಮೂಗಿಗೆ ಬಡಿದ ತಕ್ಷಣ ನಾನು ನಮ್ಮ ಚಿಕ್ಕಪ್ಪನ ಶೆಡ್ಡಿನಲ್ಲಿದ್ದೆ.

ಮಗ್ಗ ನೋಡಿಕೊಳ್ಳುವ ಹಿರಿಯರೊಬ್ಬರು ಯಂತ್ರ ನಿಲ್ಲಿಸಿದಾಗ ಮಾತಿಗೆ ಸಿಕ್ಕರು. ನಮ್ಮ ಮನೆಯಲ್ಲೂ ಮಗ್ಗ ಇತ್ತು ಅಂದೆ. ಅವರ ಮುಖ ಅರಳಿತು. ಕಪಾಟಿನಿಂದ ಒಂದು ಹಳೇ ಲಾಳಿ ತಂದು ನನ್ನ ಕೈಗಿಟ್ಟರು. ಎರಡು ತುದಿಗೂ ಲೋಹದ ಮೂತಿ, ಒಳಗೆ ಕಂಡಿಕೆ ಕೂರುವ ಜಾಗ, ಪಕ್ಕದಲ್ಲಿ ಸಣ್ಣ ತೂತು. ಆ ತೂತಿಗೆ ಬಾಯಿಟ್ಟು ಉಸಿರು ಎಳೆದರೆ ನೂಲು ಹೊರಗೆ ಬರುತ್ತದೆ. ದಿನಕ್ಕೆ ನೂರಾರು ಸಲ, ಒಬ್ಬರು ಬಾಯಿಟ್ಟ ಲಾಳಿಗೆ ಇನ್ನೊಬ್ಬರು. ದೂಳೂ ಹೋಗುತ್ತಿತ್ತು, ಕ್ಷಯವೂ ಹರಡುತ್ತಿತ್ತು. ಇದನ್ನು ಇಲ್ಲಿಯವರು 'ಸಾವಿನ ಮುತ್ತು' ಎಂದು ಕರೆಯುತ್ತಿದ್ದರಂತೆ. ನಮ್ಮ ಚಿಕ್ಕಪ್ಪನೂ ಹೀಗೇ ನೂಲು ಎಳೆಯುತ್ತಿದ್ದರು ಅಂದೆ. "ಹೇಗಿದ್ದಾರೆ ಈಗ?" ಎಂದು ಕೇಳಿದರು. ಹೋದರು ಅಂದೆ. ಅವರು ನನ್ನ ಕೈಯಿಂದ ಲಾಳಿ ವಾಪಸ್ ತಗೊಂಡು, ಒರೆಸಿ ಒಳಗಿಟ್ಟರು.

ಪಕ್ಕದಲ್ಲೇ ಹುಡುಗಿಯರು ಇರುತ್ತಿದ್ದ ಬೋರ್ಡಿಂಗ್ ಮನೆ. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆಯ ರೈತರ ಹೆಣ್ಣುಮಕ್ಕಳು, ಬಹುಪಾಲು ಹದಿನೈದರಿಂದ ಮೂವತ್ತರ ಒಳಗಿನವರು. ಒಂದೊಂದು ಕೋಣೆಯಲ್ಲಿ ನಾಲ್ಕಾರು ಜನ, ಒಂದು ಹಾಸಿಗೆಗೆ ಇಬ್ಬರು. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಭಾನುವಾರ ಚರ್ಚು ಕಡ್ಡಾಯ. ಬೆಳಗಿನ ಜಾವ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ವಾರಕ್ಕೆ ಸರಾಸರಿ 73 ಗಂಟೆ ದುಡಿಮೆ. ನೂಲು ಹರಿಯಬಾರದೆಂದು ಕಿಟಕಿಗೆ ಮೊಳೆ ಹೊಡೆದು, ಒಳಗೆ ತೇವ ಇರುವ ಹಾಗೆ ನೋಡಿಕೊಳ್ಳುತ್ತಿದ್ದರು.

ಇಷ್ಟಾದರೂ ಅವರು ಓದಿದರು. ದುಡಿದು ಬಂದ ಮೇಲೆ ಉಪನ್ಯಾಸ ಕೇಳಿದರು, ತಮ್ಮದೇ ಪತ್ರಿಕೆಗೆ ಬರೆದರು. 1834ರಲ್ಲಿ ಕೂಲಿ ಕಡಿತ ಮಾಡಿದಾಗ ಸುಮಾರು 800 ಹುಡುಗಿಯರು ಕೆಲಸ ಬಿಟ್ಟು ಬೀದಿಗೆ ಬಂದರು. ಸೋತರು. 1836ರ ಅಕ್ಟೋಬರ್‌ನಲ್ಲಿ ಬೋರ್ಡಿಂಗ್ ದುಡ್ಡು ಏರಿಸಿದಾಗ ಅದರ ಎರಡರಷ್ಟು ಜನ ಹೊರಬಂದರು. ಹನ್ನೊಂದು ವರ್ಷದ ಹ್ಯಾರಿಯೆಟ್ ಹ್ಯಾನ್ಸನ್, ದೊಡ್ಡವರೆಲ್ಲ ಹೋಗಲೋ ಬೇಡವೋ ಎಂದು ತಡವರಿಸುತ್ತಿದ್ದಾಗ, ಯಾರು ಬರಲಿ ಬಿಡಲಿ ನಾನಂತೂ ಹೊರಟೆ ಎಂದು ನಡೆದೇಬಿಟ್ಟಳು. ಹಿಂದೆ ತಿರುಗಿ ನೋಡಿದರೆ ಇಡೀ ಕೋಣೆಯೇ ಬರುತ್ತಿತ್ತು. ಬಹಳ ಹುಡುಗಿಯರು ಊರಿಗೇ ಹೊರಟುಹೋದರು, ಗಿರಣಿಗಳಿಗೆ ಕೈ ಸಾಲದೆ ಕೆಲವು ಕಂಪನಿಗಳು ಏರಿಸಿದ್ದನ್ನು ಇಳಿಸಿದವು. ಇದನ್ನು ಓದುವಾಗ ನನಗೆ 2016ರ ಏಪ್ರಿಲ್ ನೆನಪಾಯಿತು. ಪಿಎಫ್ ನಿಯಮ ಬದಲಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರೂ ಇಲ್ಲದೆ ಹೊಸೂರು ರಸ್ತೆ ತುಂಬಿದರಲ್ವಾ? ಸರ್ಕಾರ ಹಿಂದೆ ಸರಿಯಿತು.

ಸಾರಾ ಬ್ಯಾಗ್ಲಿ ಹೆಸರು ನಮ್ಮ ಕಡೆ ಎಷ್ಟು ಜನ ಕೇಳಿದ್ದಾರೋ. 1837ರ ಹೊತ್ತಿಗೆ ಲೋವೆಲ್‌ಗೆ ಬಂದ ನೇಕಾರ್ತಿ. 1844ರ ಕೊನೆಗೆ ಗೆಳತಿಯರ ಜೊತೆ ಹೆಣ್ಣು ಕಾರ್ಮಿಕರ ಸಂಘ ಕಟ್ಟಿದಳು. ಮುಷ್ಕರ ಮಾಡಿದರೆ ಹಸಿವು, ಓಟು ಇಲ್ಲ. ಹಾಗಾದರೆ ಸಹಿ ಸಂಗ್ರಹಿಸೋಣ ಅಂದಳು. ಹತ್ತು ಗಂಟೆ ದುಡಿಮೆಯ ಕಾನೂನು ಬೇಕೆಂದು ಎರಡು ಸಾವಿರದಷ್ಟು ಜನ ಸಹಿ ಹಾಕಿದರು. ಸಹಿ ಹಾಕುವುದು ಸುಲಭ ಅಂದುಕೊಳ್ಳಬೇಡಿ. ಕಂಪನಿಯ ಕಪ್ಪುಪಟ್ಟಿಗೆ ಹೆಸರು ಬಿದ್ದರೆ ಲೋವೆಲ್‌ನ ಯಾವ ಗಿರಣಿಯಲ್ಲೂ ಕೆಲಸ ಇಲ್ಲ. 1845ರ ಫೆಬ್ರವರಿಯಲ್ಲಿ ಬ್ಯಾಗ್ಲಿ ಮತ್ತು ಇತರರು ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿ ಮುಂದೆ ಹೇಳಿಕೆ ಕೊಟ್ಟರು. ದೀಪದ ಹೊಗೆ, ದೂಳು, ಉಣ್ಣಲು ಸಿಗುವ ಅರ್ಧ ಗಂಟೆ, ಎಲ್ಲ ಹೇಳಿದರು. ಸಮಿತಿ ಕೇಳಿಸಿಕೊಂಡು, ಇದು ಸರ್ಕಾರದ ಕೆಲಸ ಅಲ್ಲ ಅಂದಿತು. ಸಮಿತಿಯ ಅಧ್ಯಕ್ಷ ಲೋವೆಲ್‌ನ ಪತ್ರಿಕೆಯೊಂದರ ಸಂಪಾದಕ. ಮುಂದಿನ ಚುನಾವಣೆಯಲ್ಲಿ ಅವನನ್ನು ಸೋಲಿಸಿ ಎಂದು ಓಟಿಲ್ಲದ ಹೆಂಗಸರು ಪ್ರಚಾರ ಮಾಡಿದರು. ಅವನು ಸೋತ. ಮರುವರ್ಷ ಸಹಿಗಳು ಇನ್ನೂ ಜಾಸ್ತಿ ಆದವು. ಆದರೆ ಹೆಂಗಸರಿಗೂ ಮಕ್ಕಳಿಗೂ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ. ಸಹಿ ಹಾಕಿದ ಹುಡುಗಿಯರಿಗೆ ಅಷ್ಟರಲ್ಲಿ ಮೊಮ್ಮಕ್ಕಳು.

ಒಂದು ವಿಷಯ ಇಲ್ಲಿ ಬಿಡಬಾರದು. ಈ ಮಗ್ಗಗಳಿಗೆ ಬಂದ ಹತ್ತಿ ದಕ್ಷಿಣದ ಗುಲಾಮರು ಬಿಡಿಸಿದ ಹತ್ತಿ. ಇಲ್ಲಿ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಪಾಲು ವಾಪಸ್ ಅದೇ ಗುಲಾಮರ ಮೈಗೆ ಹೋಗುತ್ತಿತ್ತು. ಲೋವೆಲ್‌ನಲ್ಲೇ ಗುಲಾಮಗಿರಿ ವಿರೋಧಿಸುವ ಹೆಂಗಸರ ಸಂಘವೂ ಇತ್ತು, ಅದೂ ನಿಜ. 1861ರಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಶುರುವಾಗಿ ದಕ್ಷಿಣದ ಹತ್ತಿ ನಿಂತ ಮೇಲೆ ಕಂಪನಿಗಳು ಕೈಲಿದ್ದ ಹತ್ತಿ ಮಾರಿ ಲಾಭ ಮಾಡಿಕೊಂಡು, ಗಿರಣಿ ನಿಲ್ಲಿಸಿ ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಅದೇ ವರ್ಷಗಳಲ್ಲಿ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಹತ್ತಿಯ ಬೆಲೆ ಆಕಾಶಕ್ಕೇರಿತು. ಅಲ್ಲಿ ಬೆಳೆಯುತ್ತಿದ್ದದ್ದೂ 1840ರ ದಶಕದಲ್ಲಿ ಅಮೆರಿಕದಿಂದ ತಂದ ಬೀಜವೇ, ಹೆಸರೇ ಧಾರವಾಡ ಅಮೆರಿಕನ್.

ಊಟಕ್ಕೆ ಕಾಂಬೋಡಿಯಾದವರ ಹೋಟೆಲು. ಲೋವೆಲ್‌ನಲ್ಲಿ ಅವರ ಸಂಖ್ಯೆ ದೊಡ್ಡದು. ಅನ್ನದ ನೂಡಲ್ಸ್, ತೋಫು, ನಿಂಬೆಹುಲ್ಲಿನ ಘಮ. ಮಳೆಯಲ್ಲಿ ನೆನೆದು ಬಂದವರಿಗೆ ಇದಕ್ಕಿಂತ ಏನು ಬೇಕು? ಮಾಂಸ, ಮೀನಿನ ಸಾಸು ಬೇಡ ಎಂದು ಮೊದಲೇ ಹೇಳಿ. ಬಡಿಸಿದ ಅಮ್ಮ ತಾನು ಇಲ್ಲಿಗೆ ಬಂದ ಹೊಸದರಲ್ಲಿ ಹೊಲಿಗೆ ಕಾರ್ಖಾನೆಯಲ್ಲಿ ದುಡಿದಿದ್ದಾಗಿ ಹೇಳಿದರು. ಬೆರಳ ತುದಿಯ ಹಳೇ ಸೂಜಿಗಾಯ ತೋರಿಸಿದರು. ಮ್ಯೂಸಿಯಂಗೆ ಹೋಗಿದ್ದೀರಾ ಎಂದು ಅಕ್ಕ ಕೇಳಿದ್ದಕ್ಕೆ, "ನಾನ್ಯಾಕೆ ನೋಡಲಿ, ನನಗೆ ಗೊತ್ತಲ್ಲ" ಅಂದರು.

ಮೂರನೇ ದಿನ: ದಾರಿ

ಪಶ್ಚಿಮಕ್ಕೆ ಇಡೀ ದಿನದ ದಾರಿ. ಟೋಲ್‌ಗೆ ನಿಲ್ಲಿಸುವುದಿಲ್ಲ, ನಂಬರ್ ಪ್ಲೇಟಿನ ಫೋಟೋ ಹೊಡೆದು ಬಿಲ್ ಮನೆಗೆ ಬರುತ್ತದೆ. ಬಾಡಿಗೆ ಕಾರಾದರೆ ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬರ್ಕ್‌ಷೈರ್ ಬೆಟ್ಟಗಳಲ್ಲಿ ಎಲೆಗಳು ಕೆಂಪು, ಅರಿಶಿನ, ನಡುನಡುವೆ ಮಂಜು. ಭಾವ ಮಾತೇ ಆಡದೆ ಓಡಿಸಿದರು.

ಆಲ್ಬನಿ ದಾಟಿದ ಮೇಲೆ ರಸ್ತೆ ಮೊಹಾಕ್ ನದಿಯ ಪಕ್ಕ ಹೋಗುತ್ತದೆ. 1825ರಲ್ಲಿ ಮುಗಿದ ಈರಿ ಕಾಲುವೆ ಹೋಗಿದ್ದೂ ಇದೇ ಕಣಿವೆಯಲ್ಲಿ, 363 ಮೈಲಿ. ಕಾಲುವೆಯಲ್ಲಿ ಗೋಧಿ ಮಾತ್ರ ಹೋಗಲಿಲ್ಲ. ಪತ್ರಿಕೆಗಳು, ಪಾದ್ರಿಗಳು, ಭಾಷಣಕಾರರು, ತಪ್ಪಿಸಿಕೊಂಡು ಬಂದ ಗುಲಾಮರು, ಎಲ್ಲರೂ ಈ ದಾರಿ ಹಿಡಿದರು. ಯುಟಿಕಾದಲ್ಲಿ ಟೊಮೆಟೊ ಪೈ ತಿಂದೆವು. ದಪ್ಪ ರೊಟ್ಟಿಯ ಮೇಲೆ ಟೊಮೆಟೊ ಗೊಜ್ಜು, ಮೇಲೆ ಸ್ವಲ್ಪ ಚೀಸ್ ಪುಡಿ, ತಣ್ಣಗೇ ತಿನ್ನುವುದು. ಸಿಹಿ ಸ್ವಲ್ಪ ಮುಂದು, ಆದರೂ ಅಕ್ಕ ಇನ್ನೊಂದು ತುಂಡು ಕಟ್ಟಿಸಿಕೊಂಡಳು.

ಹೆದ್ದಾರಿ ಬಿಟ್ಟು ಪೀಟರ್‌ಬರೋ ಕಡೆ ಗುಡ್ಡ ಹತ್ತುವಾಗ ಟೈರು ಪಂಚರ್. ಫೋನಿಗೆ ಸಿಗ್ನಲ್ ಇಲ್ಲ, ಸುತ್ತ ಜೋಳದ ಹೊಲ. ಸ್ವಲ್ಪ ಹೊತ್ತಿಗೆ ಒಬ್ಬ ರೈತ ತನ್ನ ಪಿಕಪ್ ನಿಲ್ಲಿಸಿ, ಏನೂ ಕೇಳದೆ ಜಾಕ್ ಇಳಿಸಿದ. ಎಲ್ಲಿಗೆ ಅಂದ. ಗೆರಿಟ್ ಸ್ಮಿತ್ ಊರಿಗೆ ಅಂದೆ. ತಲೆಯೆತ್ತಿ ನೋಡಿದ. "ಇಂಡಿಯಾದಿಂದ? ಅವನನ್ನು ನೋಡೋಕೆ?" ತನ್ನ ಅಜ್ಜಿ ಆ ಮನೆ 1936ರಲ್ಲಿ ಸುಟ್ಟದ್ದನ್ನು ನೋಡಿದ್ದಳು ಅಂದ. ಬೋಲ್ಟು ಬಿಗಿ ಮಾಡಿ, ಹಿಂದಿನಿಂದ ಎರಡು ಸೇಬು ತೆಗೆದು ಕೊಟ್ಟು ಹೋದ. ದುಡ್ಡು ಮುಟ್ಟಲಿಲ್ಲ.

ಪೀಟರ್‌ಬರೋ ಒಂದು ಹುಲ್ಲಿನ ಬಯಲು, ಸುತ್ತ ನಾಲ್ಕು ಮನೆ. ಗ್ಯಾರಿಸನ್‌ನನ್ನು ಬಾಸ್ಟನ್‌ನಲ್ಲಿ ಎಳೆದಾಡಿದ ದಿನವೇ ಯುಟಿಕಾದಲ್ಲೂ ಗುಲಾಮಗಿರಿ ವಿರೋಧಿಗಳ ಸಭೆಗೆ ಪುಂಡರು ನುಗ್ಗಿದರು. ಪ್ರೇಕ್ಷಕನಾಗಿ ಹೋಗಿದ್ದ ಗೆರಿಟ್ ಸ್ಮಿತ್ ಎದ್ದು, ನಮ್ಮೂರಿಗೆ ಬನ್ನಿ, ಅಲ್ಲಿ ಮುಗಿಸೋಣ ಅಂದ. ರಾತ್ರೋರಾತ್ರಿ ಜನ ಈ ಗುಡ್ಡ ಹತ್ತಿ ಬಂದರು. ಅವನು ದೊಡ್ಡ ಜಮೀನ್ದಾರ. ನ್ಯೂಯಾರ್ಕ್‌ನಲ್ಲಿ ಕಪ್ಪು ಗಂಡಸಿಗೆ ಓಟು ಬೇಕಾದರೆ 250 ಡಾಲರ್ ಆಸ್ತಿ ಇರಬೇಕು ಎಂಬ ನಿಯಮವಿತ್ತು. 1846ರಲ್ಲಿ ಸ್ಮಿತ್ 1,20,000 ಎಕರೆ ತೆಗೆದು ಮೂರು ಸಾವಿರ ಕಪ್ಪು ಗಂಡಸರಿಗೆ ಹಂಚಲು ಹೊರಟ. ಗುಡ್ಡಗಾಡಿನ ನೆಲ, ಬೇಸಾಯ ಕಷ್ಟ, ಅಲ್ಲಿ ನಿಂತವರು ಕಡಿಮೆ. ಆದರೂ ಓಟಿನ ಬೇಲಿ ಇರುವುದು ಆಸ್ತಿಯಲ್ಲಿ ಎಂದು ತಿಳಿದು ಅಲ್ಲಿಗೇ ಕೈ ಹಾಕಿದ, ಅದು ನನಗೆ ದೊಡ್ಡದು. ಅವನ ಮನೆಗೆ ಬರುತ್ತಿದ್ದ ಚಿಕ್ಕಮ್ಮ ದೊಡ್ಡಮ್ಮನ ಸಂಬಂಧದ ತಂಗಿ ಎಲಿಜಬೆತ್ ಕ್ಯಾಡಿ. ಚಳವಳಿಯ ಗಾಳಿ ಅವಳಿಗೆ ಸೋಕಿದ್ದು ಇಲ್ಲಿ, ಮುಂದೆ ಗಂಡನಾದ ಹೆನ್ರಿ ಸ್ಟ್ಯಾಂಟನ್ ಸಿಕ್ಕಿದ್ದೂ ಇಲ್ಲಿ.

ನಾಲ್ಕನೇ ದಿನ: ವಾಟರ್ಲೂ, ಸೆನೆಕಾ ಫಾಲ್ಸ್

ಬಿಸಿಲು ಬಂತು. ದಾರಿ ಬದಿಯಲ್ಲಿ ಕಾಂಕರ್ಡ್ ದ್ರಾಕ್ಷಿಯ ಬುಟ್ಟಿಗಳು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬ, ಮಾರುವವರೇ ಇಲ್ಲ. ನೇರಳೆ ಬಣ್ಣ. ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಬಂದು ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ.

ಸೆನೆಕಾ ಫಾಲ್ಸ್‌ನಲ್ಲಿ ಜಲಪಾತ ಇಲ್ಲ. 1915ರಲ್ಲಿ ಕಾಲುವೆ ದೊಡ್ಡದು ಮಾಡಿದಾಗ ಅದೂ, ಅದರ ಪಕ್ಕದ ಗಿರಣಿಗಳೂ ನೀರಿನಡಿ ಹೋದವು. ಉಳಿದದ್ದು ಕಲ್ಲಿನ ನಿಟ್ಟಿಂಗ್ ಮಿಲ್, ಅದರಲ್ಲಿ ಈಗ ಮಹಿಳೆಯರ ಕೀರ್ತಿಮಂದಿರ ಇದೆ. ವೆಸ್ಲಿಯನ್ ಚಾಪೆಲ್ ಮುಖ್ಯ ರಸ್ತೆಯಲ್ಲೇ ಇದೆ. 1848ರ ಜುಲೈ 19ರ ಬೆಳಿಗ್ಗೆ ಹೆಂಗಸರ ಹಕ್ಕುಗಳ ಸಭೆಗೆ ಜನ ಬಂದಾಗ ಬಾಗಿಲಿಗೆ ಬೀಗ. ಸಭೆ ಕರೆದವರಲ್ಲಿ ಒಬ್ಬಳಾದ ಎಲಿಜಬೆತ್ ಕ್ಯಾಡಿ ಸ್ಟ್ಯಾಂಟನ್ ತನ್ನ ಅಕ್ಕನ ಪುಟ್ಟ ಮಗನನ್ನು ಕಿಟಕಿಯಿಂದ ಒಳಗಿಳಿಸಿ ಬಾಗಿಲು ತೆಗೆಸಿದಳು. ಎರಡು ದಿನ, ಸುಮಾರು 300 ಜನ. ಸ್ವಾತಂತ್ರ್ಯ ಘೋಷಣೆಯ ಮಾದರಿಯಲ್ಲೇ ವಾಟರ್ಲೂನ ಮೆಕ್ಲಿಂಟಾಕ್ ಮನೆಯಲ್ಲಿ ಬರೆದಿದ್ದ ಘೋಷಣೆಯನ್ನು ಇಲ್ಲಿ ಓದಿದರು. ಒಮ್ಮತ ಆಗದೆ ಉಳಿದದ್ದು ಒಂದೇ ನಿರ್ಣಯ, ಹೆಂಗಸರಿಗೆ ಓಟು. ಅದರ ಪರ ಎದ್ದು ನಿಂತವನು ಫ್ರೆಡರಿಕ್ ಡಗ್ಲಾಸ್, ಹತ್ತೇ ವರ್ಷದ ಹಿಂದೆ ಗುಲಾಮಗಿರಿಯಿಂದ ಓಡಿ ಬಂದವನು. ನಿರ್ಣಯ ಪಾಸಾಯಿತು. 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಪತ್ರಿಕೆಗಳು ಗೇಲಿ ಮಾಡಿದ ಮೇಲೆ ಕೆಲವರು ಹೆಸರು ವಾಪಸ್ ತಗೊಂಡರು.

ಹೊರಗಿನ ಗೋಡೆಯಲ್ಲಿ ಆ ಹೆಸರುಗಳನ್ನು ಕೆತ್ತಿ ನೀರು ಹರಿಸಿದ್ದಾರೆ. ನಾನು ಹುಡುಕಿದ್ದು ಶಾರ್ಲೆಟ್ ವುಡ್‌ವರ್ಡ್. ವಾಟರ್ಲೂನ ಹದಿಹರೆಯದ ಹುಡುಗಿ, ಮನೆಯಲ್ಲಿ ಕೂತು ಕೈಗವಸು ಹೊಲಿಯುತ್ತಿದ್ದಳು. ಕತ್ತರಿಸಿದ ತುಂಡುಗಳನ್ನು ಮನೆಗೆ ಕೊಡುವುದು, ಹೊಲಿದು ವಾಪಸ್ ಕೊಟ್ಟರೆ ಎಣಿಸಿ ಕೂಲಿ, ಆ ಕೂಲಿಯ ಮೇಲೆ ಅವಳಿಗೆ ಹಕ್ಕಿಲ್ಲ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆಳತಿಯರ ಜೊತೆ ಗಾಡಿಯಲ್ಲಿ ಬಂದಳು, ಹಿಂದಿನ ಸಾಲಿನಲ್ಲಿ ಕೂತಳು, ಸಹಿ ಹಾಕಿದಳು. 1920ರಲ್ಲಿ ಓಟು ಸಿಕ್ಕಾಗ ಆ ನೂರರಲ್ಲಿ ಬದುಕಿದ್ದವಳು ಅವಳೊಬ್ಬಳೇ. ತೊಂಬತ್ತರ ಮುದುಕಿ, ಹಾಸಿಗೆ ಹಿಡಿದಿದ್ದಳು, ಓಟು ಹಾಕಲಾಗಲಿಲ್ಲ. ಈ ಸಭೆಯ ಬಗ್ಗೆ ಬರೆಯುವವರು ಸ್ಟ್ಯಾಂಟನ್‌ಗೆ ಪುಟಗಟ್ಟಲೆ ಕೊಡುತ್ತಾರೆ. ಕೈಗವಸಿನ ಹುಡುಗಿಗೆ ಒಂದು ಸಾಲು. ಹೀಗೆ ಆಗಬಾರದಿತ್ತು.

ಐದನೇ ದಿನ: ರೋಚೆಸ್ಟರ್

ಒಂದು ಗಂಟೆ ದಾರಿ. ಮ್ಯಾಡಿಸನ್ ಸ್ಟ್ರೀಟಿನ ಇಟ್ಟಿಗೆ ಮನೆ ಹೆಂಗಸರ ಓಟಿಗಾಗಿ ಹೋರಾಡಿದ ಸೂಸನ್ ಆಂಟನಿಯದು. ಗೈಡ್ ಜೊತೆಯೇ ಒಳಗೆ ಬಿಡುತ್ತಾರೆ, ಸಮಯ ಕೇಳಿಕೊಂಡು ಹೋಗಿ. ಹೆಂಗಸರಿಗೆ ಓಟಿಲ್ಲದ ಕಾಲದಲ್ಲೇ, 1872ರ ನವೆಂಬರ್ 5ರಂದು, ಓಟು ಹಾಕಿ ಬಂದಳು. ಎರಡು ವಾರದಲ್ಲಿ ಅಧಿಕಾರಿ ಈ ಮನೆಯ ಮುಂಗೋಣೆಗೇ ಬಂದು ಬಂಧಿಸಿದ. ಮರುವರ್ಷ ವಿಚಾರಣೆಯಲ್ಲಿ ನ್ಯಾಯಾಧೀಶ ಜೂರಿಯನ್ನೂ ಕೇಳದೆ ಅಪರಾಧಿ ಅಂದ, 100 ಡಾಲರ್ ದಂಡ. ಅವಳು ಕಟ್ಟಲೇ ಇಲ್ಲ.

ಹತ್ತಿರದ ಪಾರ್ಕಿನಲ್ಲಿ ಆಂಟನಿ ಮತ್ತು ಡಗ್ಲಾಸ್ ಟೀ ಕುಡಿಯುತ್ತಾ ಕೂತ ಕಂಚಿನ ಶಿಲ್ಪ. ಇಬ್ಬರೂ ಒಂದೇ ಸ್ಮಶಾನದಲ್ಲಿ, ಮೌಂಟ್ ಹೋಪ್‌ನಲ್ಲಿ ಮಲಗಿದ್ದಾರೆ. ಗುಡ್ಡ ತಗ್ಗಿನ ದೊಡ್ಡ ಜಾಗ, ನಕ್ಷೆ ಇಲ್ಲದೆ ಸಮಾಧಿ ಸಿಗುವುದಿಲ್ಲ. ಚುನಾವಣೆ ದಿನ ಓಟು ಹಾಕಿದವರು ಸಾಲುಗಟ್ಟಿ ಬಂದು ಆಂಟನಿ ಕಲ್ಲಿಗೆ ಸ್ಟಿಕರ್ ಅಂಟಿಸುತ್ತಾರೆ. ಕಲ್ಲು ಹಾಳಾಗಬಾರದೆಂದು ಈಗ ಆ ದಿನ ಪ್ಲಾಸ್ಟಿಕ್ ಹೊದಿಸುತ್ತಾರಂತೆ. ಹೀಗೆಂದದ್ದು ಅಲ್ಲಿ ನಾಯಿ ಜೊತೆ ವಾಕಿಂಗ್ ಬಂದ ಹೆಂಗಸು. ಅವರೇ ನಮ್ಮನ್ನು ಡಗ್ಲಾಸ್ ಸಮಾಧಿವರೆಗೂ ಕರೆದೊಯ್ದರು.

ವಾಪಸ್ ಬರುವಾಗ ಕಾರಿನಲ್ಲಿ ಜಗಳ. ಹೆಂಗಸರನ್ನು ಬಿಟ್ಟು ಕಪ್ಪು ಗಂಡಸರಿಗೆ ಮೊದಲು ಓಟು ಕೊಡುವ ಸಂವಿಧಾನದ ತಿದ್ದುಪಡಿ ಬಂದಾಗ 1869ರಲ್ಲಿ ಸ್ಟ್ಯಾಂಟನ್, ಆಂಟನಿ ಅದನ್ನು ವಿರೋಧಿಸಿ ಡಗ್ಲಾಸ್‌ನಿಂದ ದೂರ ಸರಿದರು. ಸ್ಟ್ಯಾಂಟನ್ ಆಗ ಕಪ್ಪು ಜನರ ಬಗ್ಗೆ ಆಡಿದ ಮಾತು ಕೆಟ್ಟದ್ದು. ಇಪ್ಪತ್ತು ವರ್ಷ ಕಾದವರಿಗೆ ಸಿಟ್ಟು ಬರದೆ ಇರುತ್ತದಾ ಎಂದು ಅಕ್ಕ. ಸಿಟ್ಟಿಗೂ ಅವಮಾನಕ್ಕೂ ವ್ಯತ್ಯಾಸ ಇದೆ ಎಂದು ಭಾವ. ನಾನು ಭಾವನ ಕಡೆ. ತನ್ನ ನಿರ್ಣಯಕ್ಕೆ ಯಾರು ಎದ್ದು ನಿಂತಿದ್ದರು ಎಂದು ಸ್ಟ್ಯಾಂಟನ್‌ಗೆ ನೆನಪಿರಬೇಕಿತ್ತು. ಸಿರಾಕ್ಯೂಸ್ ದಾಟುವ ತನಕ ಇದೇ ಮಾತು, ಆಮೇಲೆ ಅಕ್ಕನಿಗೆ ಹಸಿವಾಯಿತು. ಕಟ್ಟಿಸಿಕೊಂಡಿದ್ದ ಟೊಮೆಟೊ ಪೈ ತೆಗೆದು ಮೂವರಿಗೂ ಹಂಚಿದಳು.